ಅವ್ವನ ಅಕ್ಕಡಿ ಸಾಲು

ಒಂದು ಸಣ್ಣ ಕಳವಳ. ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ: ನಮ್ಮ ಹೊಲದ ಮಾತುಕತೆ ಮುಗಿದುಬಿಟ್ಟರೆ ಓಂಪ್ರಕಾಶ ನಮ್ಮೂರು ಕೊಹಿನೂರಿಗೆ ಇನ್ನು ಯಾಕೆ ಬರುತ್ತಾರೆ?

ಪುಣೆಯ ಕಂಪನಿಯೊಂದು ನಮ್ಮ ದಿಬ್ಬದ ಆರು ಎಕರೆಯನ್ನು ಹದಿನೈದು ವರ್ಷಕ್ಕೆ ಲೀಸಿಗೆ ಕೇಳಿತ್ತು. ತೊಗರಿ ತೆಗೆದು, ಸಿಮೆಂಟ್ ಕಂಬ ನೆಟ್ಟು, ಡ್ರ್ಯಾಗನ್ ಫ್ರೂಟ್ ಹಬ್ಬಿಸುತ್ತಾರಂತೆ. ಅವರ ಪರವಾಗಿ ಹೊಲ ನೋಡಲು ಬರುವವರು ಓಂಪ್ರಕಾಶ, ಹುಮನಾಬಾದಿನವರು. ಮೂರು ವಾರದಲ್ಲಿ ಐದು ಸಲ ಬಂದಿದ್ದರು. ಅಷ್ಟರಲ್ಲಿ ಹೊಲವೇನೂ ಎದ್ದು ಓಡಿಹೋಗಿರಲಿಲ್ಲ.

"ಉಜ್ವಲಾ, ಸಾಹೇಬರಿಗಿ ಹೊಲದ ಅಂಚು ತೋರ್ಸವ್ವಾ," ಎಂದು ಅಪ್ಪ ಪ್ರತಿ ಸಲವೂ ನನ್ನನ್ನೇ ಕಳಿಸುತ್ತಿದ್ದ. ನಾನು ಮುಂದೆ, ಅವರು ಹಿಂದೆ. ಕೆಂಪು ಮಣ್ಣಿನಲ್ಲಿ ಅವರ ಬೂಟಿನ ಸದ್ದು ನಿಂತರೆ ನನ್ನ ಕಾಲೂ ನಿಲ್ಲುತ್ತಿತ್ತು.

ಐದನೇ ಸಲ ಬಂದಾಗ ಅವರು ಕೇಳಿದರು: "ನೀವು ಮಾತೇ ಆಡಂಗಿಲ್ಲೇನ್ರಿ?"

ತಲೆಯಾಡಿಸಿದೆ.

"ಡಿಗ್ರಿ ಕಲ್ಯಾಣದಾಗ ಮುಗಿಸೀರಂತ. ವೈವಾ ಹ್ಯಾಂಗ ಕೊಟ್ರಿ?"

ನಗು ಬಂದುಬಿಟ್ಟಿತು. ಓಢಣಿಯ ಅಂಚು ಕಚ್ಚಿ ತಡೆದೆ. ಅವರು ನೋಡಿದರು, ನೋಡಿಲ್ಲವೆಂಬಂತೆ ತೊಗರಿಯ ಹಳದಿ ಹೂವಿನ ಕಡೆ ತಿರುಗಿದರು. ಕಿವಿ ಮಾತ್ರ ಕೆಂಪಾಗಿತ್ತು.

ಕಳೆ ತೆಗೆಯಲು ಬರುವ ವಜೀರಬಿ ಅಲ್ಲಿಂದಲೇ ಖುರ್ಪಿ ಎತ್ತಿ ಕೂಗಿದಳು: "ಏ ಸಾಹೇಬಾ! ಮೂರು ವಾರ ಆತು, ಇನ್ನಾ ಎಷ್ಟ್ ಅಳೀತಿ? ಟೇಪ್ ಸಣ್ಣದದ ಏನು?"

"ಹೊಲ ದೊಡ್ಡದದ ಅಮ್ಮಾ!"

"ಹೊಲಾನೋ, ಮತ್ತೇನೋ!"

ಅವತ್ತೇ ನಾನು ಆ ತಪ್ಪು ಮಾಡಿದೆ.

ತೊಗರಿಯ ನಡುನಡುವೆ ಬರಿದಾಗಿ ಕಾಣುವ ಸಾಲುಗಳನ್ನು ತೋರಿಸಿ ಅವರು ಕೇಳಿದರು: "ಇವು ಖಾಲಿ ಅವ, ಹೌದಲ್ರಿ?"

ಖಾಲಿ ಅಲ್ಲ. ಅವು ಅಕ್ಕಡಿ ಸಾಲು. ಎಂಟು ಸಾಲು ತೊಗರಿಗೆ ಒಂದು ಸಾಲು ಹೆಸರು, ಎಳ್ಳು, ಪುಂಡಿ. ಬೀಜ ಅವ್ವನ ಗಡಿಗೆಯದು, ಹಾಕುವ ಕೈ ಅವ್ವನದು, ಬಂದದ್ದೂ ಅವ್ವನದು. ಎಷ್ಟು ಬಂತು, ಏನು ಮಾಡಿದೆ ಎಂದು ಗಂಡಸರು ಕೇಳುವಂತಿಲ್ಲ. ನಮ್ಮ ಕಡೆ ಮೊದಲಿನಿಂದ ಹಾಗೆಯೇ. ನಾನು ಮೂರು ವರ್ಷ ಕಲ್ಯಾಣದ ಕಾಲೇಜಿಗೆ ಬಸ್ಸು ಹತ್ತಿದ್ದು ಆ ಎಳ್ಳು ಮಾರಿದ ದುಡ್ಡಿನಿಂದ. ಈಗ ಹೆಸರು ಕಿತ್ತಾಗಿತ್ತು, ಎಳ್ಳು ಕೊಯ್ದಾಗಿತ್ತು. ಅಲ್ಲೊಂದು ಇಲ್ಲೊಂದು ಪುಂಡಿ ಕಡ್ಡಿ ಮಾತ್ರ ನಿಂತಿತ್ತು.

ಇದನ್ನೆಲ್ಲ ಹೇಳಿದರೆ ವ್ಯವಹಾರ ಮುರಿಯುತ್ತದೆ. ಮುರಿದರೆ ಇವರು ಬರುವುದಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಮೂರು ದಿನ ಡೈರಿ ತೆರೆಯಲಿಲ್ಲ.

ಸೋಮವಾರ ಪುಣೆಯಿಂದ ಕಂಪನಿಯ ವರ್ಷಾ ಮೇಡಂ ಬಂದರು. ಹೊಲದ ಮಾವಿನ ಮರದ ಕೆಳಗೆ ಕುರ್ಚಿ ಹಾಕಿದ್ದೆವು. ಅವ್ವ ಚಹಾ ಸೋಸುತ್ತಿದ್ದಳು. ಮೇಡಂ ನಕ್ಷೆ ಹರಡಿ, ನಕ್ಕು, ಮರಾಠಿಯಲ್ಲಿ ಹೇಳಿದರು: "ಇಷ್ಟೊಂದು ಜಾಗ ಖಾಲಿ ಬಿಟ್ಟಿದ್ದಾರೆ! ಇವರಿಗೆ ಬೇಸಾಯವೇ ಗೊತ್ತಿಲ್ಲ."

ಗಡಿಯ ಊರು ನಮ್ಮದು, ಮರಾಠಿ ಎಲ್ಲರಿಗೂ ತಿಳಿಯುತ್ತದೆ. ಅವ್ವನ ಕೈ ಸೋಸುವುದನ್ನು ನಿಲ್ಲಿಸಿತು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ನಕ್ಷೆ ನೋಡುತ್ತ, "ಸಹಿ ಎಲ್ಲಿ ಮಾಡ್ಬೇಕ್ರಿ?" ಎಂದ.

ಅವ್ವನನ್ನು ಒಂದು ಮಾತು ಕೇಳಲಿಲ್ಲ. ಆ ಸಾಲುಗಳೂ ಸೇರಿಯೇ ಹೋಗುತ್ತವೆಂದು ಗೊತ್ತಿದ್ದೂ ಕೇಳಲಿಲ್ಲ.

ನನ್ನ ನಾಲಿಗೆ ಏಳಲಿಲ್ಲ. ಕೈ ಎದ್ದಿತು. ಅಪ್ಪನ ಬೆರಳಿನಿಂದ ಪೆನ್ನು ಕಿತ್ತುಕೊಂಡೆ. ನಕ್ಷೆಯಲ್ಲಿ ಖಾಲಿ ಎಂದಿದ್ದ ಕಡೆಯೆಲ್ಲ ಗೀಟು ಹೊಡೆದು, ಮೇಲೆ ಅವ್ವನ ಹೆಸರು ದೊಡ್ಡದಾಗಿ ಬರೆದೆ: ಮೀರಾಬಾಯಿ. ಮೀರಾಬಾಯಿ. ಮೀರಾಬಾಯಿ. ಹನ್ನೊಂದು ಸಾಲು, ಹನ್ನೊಂದು ಸಲ. ಕೆಳಗೆ: 'ಇವು ನಮ್ಮವ್ವನ ಸಾಲು. ಕೊಡುವುದಿಲ್ಲ. ಖಾಲಿ ಅಂದಾಗ ನಾನು ತಲೆಯಾಡಿಸಿದ್ದು ಸುಳ್ಳು.'

"ಉಜ್ವಲಾ! ಏನ್ ಮಾಡಾಕತ್ತಿ?" ಅಪ್ಪ ಗುಡುಗಿದ.

"ಕಾಣಂಗಿಲ್ಲೇನು? ಬರಿಯಾಕತ್ತಾಳ," ಎಂದಳು ಅವ್ವ. ಕೈ ಒರೆಸಿಕೊಂಡು ಬಂದು, ಪೆನ್ನು ಇಸಿದುಕೊಂಡು, ನನ್ನ ಅಕ್ಷರದ ಕೆಳಗೆ ನಿಧಾನವಾಗಿ ಸಹಿ ಮಾಡಿದಳು. "ನನಗ ಕೇಳಲ್ದ ನನ್ನ ಸಾಲು ಹ್ಯಾಂಗ ಕೊಡ್ತೀರಿ?"

"ಶಾಬಾಸ್ ಮೀರಾಬಾಯಿ!" ವಜೀರಬಿ ಹೊಲದ ಬದುವಿನ ಮೇಲಿಂದ ಚಪ್ಪಾಳೆ ತಟ್ಟಿದಳು.

ಮೇಡಂ ಓಂಪ್ರಕಾಶರ ಕಡೆ ತಿರುಗಿದರು. ಕಂಬದ ಸಾಲು ನೆಟ್ಟಗೆ ಹೋಗಬೇಕು, ಕೊಟ್ಟರೆ ಪೂರಾ ಹೊಲ, ಇಲ್ಲದಿದ್ದರೆ ಬೇಡ; ಈ ತಪ್ಪು ಯಾರದು ಎಂದು ಕೇಳಿದರು.

ಅವರು ನನ್ನ ಕಡೆ ಬೆರಳು ಮಾಡಬಹುದಿತ್ತು. ನಾನೇ ಬರೆದುಕೊಟ್ಟಿದ್ದೆನಲ್ಲ.

"ತಪ್ಪು ನಂದು ಮೇಡಂ. ಬಿತ್ತೋರಿಗಿ ಕೇಳೇ ಇಲ್ಲ ನಾ," ಎಂದರು. ಮತ್ತೆ ಅದನ್ನೇ ಮರಾಠಿಯಲ್ಲೂ ಹೇಳಿದರು.

ಮೇಡಂ ಫೈಲು ಮುಚ್ಚಿ ಕಾರಿಗೆ ಹೋದರು. ಅವರ ಚಹಾ ಹಾಗೇ ಉಳಿಯಿತು. ಅದನ್ನು ವಜೀರಬಿ ಕುಡಿದಳು.

ಓಂಪ್ರಕಾಶ ನಕ್ಷೆ ಮಡಚುತ್ತ ನನ್ನ ಪಕ್ಕ ನಿಂತರು. "ಅಕ್ಷರ ಭಾಳ ಚಂದ ಅವ್ರಿ ನಿಮ್ಮವು," ಎಂದರು ಮೆಲ್ಲಗೆ. "ನನ್ನ ನೌಕರಿ ತೆಗೆಯೋ ಅಷ್ಟು ಚಂದ."

ನನ್ನ ಕಣ್ಣು ತುಂಬಿತು. ಅದನ್ನು ನೋಡಿ ಅವರ ನಗು ನಿಂತಿತು.

"ಆತಲ್ಲ?" ಅಪ್ಪನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇನ್ನ ನಮ್ಮೂರಾಗ ನಿಮಗೇನು ಕೆಲಸ, ಸಾಹೇಬ್ರ?"

"ಹೌದ್ರಿ. ಇನ್ನೇನೂ ಕೆಲಸ ಇಲ್ಲ."

ಅಪ್ಪನಿಗೆ ಹೇಳಿದ್ದು, ನೋಡಿದ್ದು ನನ್ನನ್ನು. ಈ ಸಲ ತೊಗರಿ ಹೂವಿನ ಕಡೆ ತಿರುಗಲಿಲ್ಲ. ಕಾರು ಹಾರ್ನ್ ಹೊಡೆಯಿತು. ಅವರು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು.

ಅಪ್ಪ ಇದ್ದ, ಅವ್ವ ಇದ್ದಳು, ಚಹಾದ ಕಪ್ ಹಿಡಿದ ವಜೀರಬಿ ಇದ್ದಳು. ಇರಲಿ. ಎಲ್ಲರೂ ಕೇಳಲಿ.

"ಓಂಪ್ರಕಾಶ!"

ಅಷ್ಟು ದೊಡ್ಡ ಧ್ವನಿ ನನ್ನದೆಂದು ನನಗೇ ಗೊತ್ತಿರಲಿಲ್ಲ. ಅವರು ತಿರುಗಿದರು.

"ಕೆಲಸ ಇಲ್ಲಂದ್ರೂ ಬರ್ರಿ. ನನಗ ನೀವು ಬೇಕ್ರಿ."