ಏಳನೇ ನಂಬರಿನ ಕೊನೆಯ ಎಸೆತ

ಕ್ರಿಸ್ಟಾ ತಲೆಯೆತ್ತಿ ನೋಡುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಬಂದೇ ಬಿಟ್ಟಿದ್ದ.

ವಿನ್ಸ್ ಟೆಡೆಸ್ಕೊ!

ಇಪ್ಪತ್ತೆರಡು ವರ್ಷ... ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಈಗ ಚರ್ಚಿನ ನೆಲಮಾಳಿಗೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಕಿವಿಯ ಪಕ್ಕ ಕೂದಲು ನರೆತಿದೆ. ಭುಜ ಮಾತ್ರ ಅದೇ ಭುಜ.

'ನನ್ನ ಎದೆ ಯಾಕೆ ಹೀಗೆ ಹೊಡೆದುಕೊಳ್ತಿದೆ? ಇವನ ಮೇಲೆ ನನಗೆ ಸಿಟ್ಟಿರಬೇಕಲ್ವಾ?'

ಅದು ಗುರುವಾರ. ಕೋಲ್ಟನ್ ಬೆಂಡ್ ಊರಿನ ಹೆಂಗಸರು ಗುರುವಾರ ಬೆಳಿಗ್ಗೆ ಚರ್ಚಿನ ಕೆಳಗೆ ಸೇರಿ, ಆಲೂಗಡ್ಡೆ ಮತ್ತು ಚೀಸ್ ತುಂಬಿದ ಪಿರೋಗಿ ಕಡುಬು ಮಡಚುತ್ತಾರೆ. ಕೈ ಕಡುಬಿನಲ್ಲಿ, ಬಾಯಿ ಫುಟ್‌ಬಾಲ್‌ನಲ್ಲಿ, ಅಮೆರಿಕದವರು ಚೆಂಡು ಎಸೆದು ಹಿಡಿಯುವ ಆ ಆಟದಲ್ಲಿ. ಪೆನ್ಸಿಲ್ವೇನಿಯಾದ ಈ ಕಡೆ ಉಕ್ಕಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಜನರ ಬಾಯಿ ಮಾತ್ರ ಮುಚ್ಚಿಲ್ಲ.

ಆ ವಾರ ಜಗಳ ಇನ್ನೂ ಜೋರು. ಊರಿನ ಹೈಸ್ಕೂಲನ್ನು ಮುಂದಿನ ವರ್ಷ ಪಕ್ಕದೂರಿನದಕ್ಕೆ ಸೇರಿಸುತ್ತಾರೆ. ಹೊಸ ಶಾಲೆಯ ಗೋಡೆಯಲ್ಲಿ ಈ ಊರಿಗೆ ಸಿಕ್ಕಿರುವುದು ಒಂದೇ ಜೆರ್ಸಿಯ ಜಾಗ. ಎಪ್ಪತ್ತು ವರ್ಷದಲ್ಲಿ ಈ ಊರು ಕಂಡ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ತಂಡ ನಡೆಸುವವನು, ಯಾರು? ಶನಿವಾರ ಅಗ್ನಿಶಾಮಕದವರ ಹಾಲ್‌ನಲ್ಲಿ ಓಟು.

ಎರಡೇ ಹೆಸರು. ಒಂದು, ಎರಡು ಕಪ್ ಗೆದ್ದು ಕಾಲವಾದ ಬುಚ್ ಯೂರಿಕ್. ಇನ್ನೊಂದು, ಇಗೋ, ಬಾಗಿಲಲ್ಲಿ ನಿಂತ ಏಳನೇ ನಂಬರಿನವನು. ಅವನಂತೆ ಚೆಂಡೆಸೆಯುವ ಕೈ ಈ ನದಿಯ ಎರಡೂ ದಡದಲ್ಲಿ ಇರಲಿಲ್ಲ. ಆದರೆ ಫೈನಲ್‌ನ ಕೊನೇ ನಿಮಿಷದಲ್ಲಿ ತನ್ನವರು ಯಾರೂ ಇಲ್ಲದ ಜಾಗಕ್ಕೆ ಚೆಂಡೆಸೆದ. ಎದುರಾಳಿ ಹಿಡಿದ. ಕಪ್ ಹೋಯಿತು.

ಎಂಬತ್ತಾರರ ಓಲ್ಗಜ್ಜಿ ಸುಮ್ಮನಿರುವವಳಲ್ಲ. "ಬಾರೋ. ನಿನ್ನ ಬಗ್ಗೇನೇ ಮಾತಾಡ್ತಿದ್ವಿ. ನೀನೇ ಹೇಳು, ದೊಡ್ಡವನು ಅನ್ನಿಸ್ಕೊಳ್ಳೋಕೆ ಏನು ಬೇಕು? ಕೈಯಾ, ಕಪ್ಪಾ?"

"ನನ್ನನ್ನ ಕೇಳ್ಬೇಡಿ ಅಜ್ಜಿ. ಪಟ್ಟಿಯಿಂದ ನನ್ನ ಹೆಸರು ತೆಗೆಸೋಕೇ ನಾನು ಬಂದಿರೋದು."

ಕ್ರಿಸ್ಟಾಳ ಬಾಯಿಂದ ಮಾತು ತಾನಾಗಿಯೇ ಜಾರಿತು. "ಹೌದು. ಬಿಟ್ಟು ಹೋಗೋದು ಇವನಿಗೆ ಹೊಸದಲ್ಲ."

ಅವನು ಅವಳತ್ತ ನೋಡಿದ. ಆ ನೋಟದಲ್ಲಿ ಜಗಳವಿರಲಿಲ್ಲ, ಅದಕ್ಕೇ ಅವಳಿಗೆ ಇನ್ನೂ ನೋವಾಯಿತು. ಎರಡು ಡಜನ್ ಪಿರೋಗಿ ಕಟ್ಟಿಸಿಕೊಂಡು, ಥ್ಯಾಂಕ್ಸ್ ಹೇಳಿ ಮೆಟ್ಟಿಲು ಹತ್ತಿದ.

ಕ್ರಿಸ್ಟಾಳಿಗೆ ಈಗ ಮೂವತ್ತೊಂಬತ್ತು. ಮನೆಯಲ್ಲಿ ಒಬ್ಬಳೇ. ಶಾಲೆಯ ಲೈಬ್ರರಿ ಕೆಲಸ ಮುಗಿಸಿ ಬಂದರೆ ರೇಡಿಯೋ ಹಾಕುತ್ತಾಳೆ, ಯಾವ ಕ್ವಾರ್ಟರ್‌ಬ್ಯಾಕ್ ದೊಡ್ಡವನು ಎಂದು ಗಂಡಸರು ಕಿತ್ತಾಡುವುದನ್ನು ಕೇಳುತ್ತಾ ಊಟ ಮಾಡುತ್ತಾಳೆ. ಆಟದ ಮೇಲಿನ ಆಸೆಗಲ್ಲ... ಮನೆಯಲ್ಲಿ ಮನುಷ್ಯರ ದನಿ ಇರಲಿ ಎಂದು.

ಅವಳಿಗೆ ಇದ್ದವನು ಒಬ್ಬನೇ ಅಣ್ಣ, ಜೋಯಿ. ವಿನ್ಸ್ ಎಸೆದ ಚೆಂಡನ್ನು ಓಡಿ ಹಿಡಿಯುತ್ತಿದ್ದವನು, ಅವನ ಪ್ರಾಣ ಸ್ನೇಹಿತ. ಹನ್ನೊಂದು ವರ್ಷದ ಹಿಂದೆ ಹಿಮಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ಹೋಗಿಬಿಟ್ಟ. ಊರಿನವರು ಇವತ್ತಿಗೂ ಅವಳನ್ನು ತಡೆದು ನಿಲ್ಲಿಸಿ, ನಿಮ್ಮಣ್ಣನಂಥ ಆಟಗಾರ ಇನ್ನೊಬ್ಬ ಬರಲಿಲ್ಲ ಎನ್ನುತ್ತಾರೆ. ಆ ಒಂದು ಮಾತಿನ ಮೇಲೆ ಅವಳು ಎಷ್ಟೋ ಭಾನುವಾರಗಳನ್ನು ಕಳೆದಿದ್ದಾಳೆ.

ಮತ್ತೆ ವಿನ್ಸ್... ಆ ಫೈನಲ್ ಸೋತ ರಾತ್ರಿ ಯಾರೋ ಅವನ ಮನೆ ಮುಂದೆ ಕಸ ಸುರಿದರು. ವಾರದೊಳಗೆ ಅವನು ಊರು ಬಿಟ್ಟ. ಆಗ ಹದಿನೇಳರ ಹುಡುಗಿಯಾಗಿದ್ದ ಅವಳಿಗೆ, ಬೇಸಿಗೆಯಲ್ಲಿ ನಿಮ್ಮಪ್ಪನ ಹತ್ತಿರ ಮಾತಾಡ್ತೀನಿ ಎಂದು ಮಾತು ಕೊಟ್ಟಿದ್ದವನು, ಹೋಗ್ತೀನಿ ಅಂತಲೂ ಹೇಳಲಿಲ್ಲ.

ಶುಕ್ರವಾರ ಶಾಲೆಯಲ್ಲಿ ಅವಳಿಗೊಂದು ಕೆಲಸವಿತ್ತು. ಓಟಿಗೆ ಮೊದಲು ಜನರಿಗೆ ತೋರಿಸಲು ಹಳೇ ಕೋಚ್‌ನ ಪೆಟ್ಟಿಗೆಯಲ್ಲಿದ್ದ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು. ಕೊನೆಯದು ಆ ಫೈನಲ್. ಅಷ್ಟು ದಿನ ಅವಳು ಅದನ್ನು ಮುಟ್ಟಿರಲಿಲ್ಲ.

ಟಿವಿಯಲ್ಲಿ ಬಂದ ತುಣುಕನ್ನು ಊರೆಲ್ಲ ಸಾವಿರ ಸಲ ನೋಡಿದೆ. ಅದರಲ್ಲಿ ಕಾಣುವುದು ವಿನ್ಸ್‌ನ ಕೈ, ಹಾರುವ ಚೆಂಡು, ಖಾಲಿ ಜಾಗ ಮಾತ್ರ. ಕೋಚ್‌ನ ಕ್ಯಾಮೆರಾ ಹಾಗಲ್ಲ. ಗ್ಯಾಲರಿಯ ನೆತ್ತಿಯ ಮೇಲೆ ಕೂತು, ಚೆಂಡನ್ನು ಬಿಟ್ಟು ಇಡೀ ಮೈದಾನ ನೋಡುತ್ತದೆ.

ಆ ಕೊನೆಯ ಎಸೆತಕ್ಕೆ ಮುನ್ನ ವಿನ್ಸ್ ಹೆಲ್ಮೆಟ್ಟನ್ನು ಎರಡು ಸಲ ತಟ್ಟಿದ. ದೂರದಲ್ಲಿದ್ದ ಜೋಯಿ ತಲೆಯಾಡಿಸಿದ.

ಕ್ರಿಸ್ಟಾ ಟೇಪ್ ನಿಲ್ಲಿಸಿದಳು.

ಅದು ಹಿತ್ತಲಲ್ಲಿ ಆಡುವಾಗ ಅವರಿಬ್ಬರು ಕಟ್ಟಿಕೊಂಡ ಗುಟ್ಟಿನ ಸನ್ನೆ. ಕೋಚ್‌ಗೂ ಗೊತ್ತಿರಲಿಲ್ಲ. ಎರಡು ತಟ್ಟಿದರೆ ಓಡುವವನು ಮೈದಾನದ ಹೊರಗಿನ ಗೆರೆಯ ಕಡೆ ತಿರುಗಬೇಕು. ಆ ಹಿತ್ತಲಲ್ಲಿ ಎದುರಾಳಿಯಾಗಿ ನಿಂತು ಅಣ್ಣನ ಹಿಂದೆ ಓಡುತ್ತಿದ್ದವಳು ಅವಳೇ.

ಮತ್ತೆ ಓಡಿಸಿ ನೋಡಿದಳು. ಜೋಯಿ ಓಡಿದ... ಒಳಗೆ ತಿರುಗಿದ! ಚೆಂಡು ಮಾತ್ರ ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೇ ಬಂತು. ತಪ್ಪು ಯಾರದೇ ಇರಲಿ, ಆಟದ ಲೆಕ್ಕದ ಪುಸ್ತಕದಲ್ಲಿ ಅದನ್ನು ಎಸೆದವನ ಹೆಸರಿಗೇ ಬರೆಯುತ್ತಾರೆ.

'ಗೊತ್ತಿದ್ದೂ ಇವನು ಬಾಯಿ ಬಿಡಲಿಲ್ಲ. ಗೊತ್ತಿದ್ದೂ ನಮ್ಮಣ್ಣ...'

ಅವಳಿಗೆ ಅಳು ತಡೆಯಲಾಗಲಿಲ್ಲ. ಸ್ನೇಹಿತ ಊರು ಬಿಟ್ಟ ಮೇಲೆ ಜೋಯಿ ಯಾಕೆ ಅಷ್ಟು ಕುಡಿಯುತ್ತಿದ್ದ, ವಿನ್ಸ್ ಹೆಸರೆತ್ತಿದರೆ ಯಾಕೆ ಎದ್ದು ಹೋಗುತ್ತಿದ್ದ ಎಂಬುದು ಈಗ ಅರ್ಥವಾಯಿತು.

ಮಧ್ಯಾಹ್ನವೇ ಅವಳು ನದಿ ಪಕ್ಕದ ಲಾಡ್ಜಿಗೆ ಹೋದಳು. ವಿನ್ಸ್ ಲಾರಿಯ ಗಾಜು ಒರೆಸುತ್ತಿದ್ದ.

"ಟೇಪ್ ನೋಡಿದೆ. ಎರಡು ಸಲ ತಟ್ಟಿದ್ದೂ ನೋಡಿದೆ."

ಅವನ ಕೈ ನಿಂತಿತು. ಮೆಲ್ಲಗೆ ಹೇಳಿದ. ಫೈನಲ್ ಮುಗಿದ ಸೋಮವಾರ ಕಾಲೇಜಿನವರು ತಮ್ಮ ತಂಡಕ್ಕೆಂದು ಜೋಯಿಯನ್ನು ನೋಡಲು ಬರುವವರಿದ್ದರು. ಕೊಟ್ಟ ಸನ್ನೆ ಮರೆತವನು ಎಂದು ಗೊತ್ತಾದರೆ ಯಾರು ಸೇರಿಸಿಕೊಳ್ಳುತ್ತಾರೆ? ತನಗಾದರೆ ಅಪ್ಪನ ಲಾರಿ ಇತ್ತು. ಜೋಯಿಗೆ ಅದೊಂದೇ ದಾರಿ.

"ಅದಕ್ಕೆ ನನಗೂ ಹೇಳದೆ ಹೋದ್ಯಾ?"

"ಊರಿಗೆಲ್ಲ ಸುಳ್ಳು ಹೇಳಬಲ್ಲೆ ಕ್ರಿಸ್ಟಾ. ನೀನು ಎದುರು ನಿಂತು ಕೇಳಿದ್ರೆ ನನ್ನಿಂದ ಆಗ್ತಿರಲಿಲ್ಲ. ಅವನ ಅಂತ್ಯಕ್ರಿಯೆಗೂ ಬಂದಿದ್ದೆ. ಚರ್ಚ್ ಎದುರು ಲಾರಿಯಲ್ಲೇ ಕೂತಿದ್ದೆ. ನಿನ್ನನ್ನ ಕಪ್ಪು ಕೋಟಲ್ಲಿ ನೋಡಿ... ಇಳಿಯೋಕೆ ಕಾಲು ಬರಲಿಲ್ಲ."

ಅವನು ಕೇಳಿಕೊಂಡದ್ದು ಒಂದೇ. ಆ ಟೇಪನ್ನು ಯಾರಿಗೂ ತೋರಿಸಬಾರದು. ಜೋಯಿ ಬಂದು ತನ್ನ ಪರ ಮಾತಾಡಲಾರ. ಬದುಕಿರುವವನು ಹೊತ್ತುಕೊಂಡರೆ ಏನೂ ಕೆಡುವುದಿಲ್ಲ. ನಾಳೆ ಹೆಸರು ತೆಗೆಸಿ ಅವನು ಹೊರಟುಬಿಡುತ್ತಾನೆ.

ಅವತ್ತು ಕ್ರಿಸ್ಟಾ ರೇಡಿಯೋ ಹಾಕಲಿಲ್ಲ. ಹೇಳಿದರೆ ಅಣ್ಣ ಹೋಗುತ್ತಾನೆ, ಎರಡನೇ ಸಲ. ಬೀದಿಯಲ್ಲಿ ತಡೆದು ನಿಲ್ಲಿಸುವವರೂ ಇರುವುದಿಲ್ಲ. ಹೇಳದಿದ್ದರೆ ಇವನು ಹೋಗುತ್ತಾನೆ, ಇದೂ ಎರಡನೇ ಸಲ. ಎರಡರಲ್ಲೂ ಅವಳಿಗೆ ಉಳಿಯುವುದು ಅದೇ ಖಾಲಿ ಮನೆ.

'ಅಣ್ಣ, ನೀನಿದ್ದಿದ್ರೆ ಏನು ಮಾಡ್ತಿದ್ದೆ?' ಕೇಳಿಕೊಂಡಳು. ಇದ್ದಾಗ ಅವನು ಏನು ಮಾಡಿದ ಎಂಬುದು ಗೊತ್ತಿತ್ತಲ್ಲ. ಆ ಉತ್ತರವೇ ಅವಳನ್ನು ಸುಟ್ಟಿತು.

ಶನಿವಾರ ಹಾಲ್ ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ಕಪ್ ಲೆಕ್ಕ, ಕೈ ಲೆಕ್ಕ, ಯಾರ ಕಾಲದ ಎದುರಾಳಿ ಗಟ್ಟಿ ಎಂಬ ಲೆಕ್ಕ, ಎಲ್ಲ ಆಯಿತು. ವಿನ್ಸ್ ಹೆಸರು ತೆಗೆಸಲು ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಕ್ರಿಸ್ಟಾ ಪರದೆಯ ಮುಂದೆ ಹೋಗಿ ಟೇಪ್ ಹಾಕಿದಳು.

"ನೋಡಿ. ಎರಡು ಸಲ ತಟ್ಟಿದ. ಅಂದ್ರೆ ಹೊರಗಡೆ ತಿರುಗು ಅಂತ. ತಲೆಯಾಡಿಸಿದವನು ನಮ್ಮಣ್ಣ. ಒಳಗೆ ತಿರುಗಿದವನೂ ನಮ್ಮಣ್ಣ." ಅವಳು ಟೇಪ್ ನಿಲ್ಲಿಸಿ ಜನರತ್ತ ತಿರುಗಿದಳು. "ನಮ್ಮಣ್ಣ ಕೆಟ್ಟವನಲ್ಲ. ಹದಿನೆಂಟು ವರ್ಷದವನು, ಹೆದರಿದ. ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ. ಇಷ್ಟು ವರ್ಷ ಬೈಗುಳ ತಿಂದವನು ಇವನು. ನಾನೂ ಬೈದಿದ್ದೀನಿ."

ಹಿಂದಿನ ಸಾಲಿನ ಗಂಡಸೊಬ್ಬ ತಲೆ ತಗ್ಗಿಸಿದ. ಅವತ್ತು ವಿನ್ಸ್ ಮನೆ ಮುಂದೆ ಸುರಿದ ಕಸ ಯಾರ ಮನೆಯದಿತ್ತೋ ಏನೋ!

ವಿನ್ಸ್ ಹೆಸರು ತೆಗೆಯಲು ಯಾರೂ ಬಿಡಲಿಲ್ಲ. ಆಮೇಲೆ ಓಟು ನಡೆಯಿತು. ಬುಚ್ ಯೂರಿಕ್ ಒಂಬತ್ತು ಓಟಿನಿಂದ ಗೆದ್ದ. ಈ ಊರಿನವರು ಅಳುತ್ತಲೂ ಕಪ್ ಎಣಿಸುವ ಜನ. ಓಲ್ಗಜ್ಜಿ ಕೋಲೂರಿಕೊಂಡು ವಿನ್ಸ್ ಹತ್ತಿರ ಬಂದು, "ನನ್ನ ಓಟು ಬುಚ್‌ಗೇ ಕಣೋ, ಬೇಜಾರು ಮಾಡ್ಕೋಬೇಡ. ಆದ್ರೆ ಮನೆ ಹುಡುಗೀನ ಕೊಡೋದಿದ್ರೆ ನಿನಗೇ ಕೊಡ್ತಿದ್ದೆ" ಎಂದು ಅವನ ಕೆನ್ನೆ ತಟ್ಟಿದಳು. ಹೋಗುವಾಗ ಕ್ರಿಸ್ಟಾಳ ತಲೆಯ ಮೇಲೂ ಒಂದು ಕ್ಷಣ ಕೈಯಿಟ್ಟಳು.

ಹೊರಗೆ ಲಾರಿಯ ಹತ್ತಿರ ವಿನ್ಸ್ ಕಾಯುತ್ತಿದ್ದ. ಕಣ್ಣು ಕೆಂಪಾಗಿತ್ತು.

"ಬೇಡ ಅಂದಿದ್ದೆನಲ್ಲ. ನಿನಗೆ ಉಳಿದಿದ್ದೇ ಅವನ ಹೆಸರೊಂದು."

"ಅವನ ಭಾರ ನೀನೊಬ್ಬನೇ ಹೊತ್ತೆ ವಿನ್ಸ್. ನಾನು ಅವನ ತಂಗಿ. ನನಗೂ ಒಂದು ಪಾಲು ಬೇಕಿತ್ತು."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಬೇಸಿಗೆಯಲ್ಲಿ ನಿಮ್ಮಪ್ಪನ ಹತ್ತಿರ ಮಾತಾಡ್ತೀನಿ ಅಂದಿದ್ದೆ."

"ಅಪ್ಪನೂ ಇಲ್ಲ ಈಗ."

"ಹಾಗಾದ್ರೆ ನಿನ್ನ ಹತ್ತಿರಾನೇ ಮಾತಾಡ್ತೀನಿ. ನಾನು ಮದುವೆಯಾಗಿಲ್ಲ ಕ್ರಿಸ್ಟಾ. ಆಗೋಕೆ ನೋಡಿದೆ, ಆಗಲಿಲ್ಲ. ಎಲ್ಲಿಗೆ ಲೋಡ್ ಹೊತ್ತರೂ ವಾಪಸ್ ಬರೋವಾಗ ನೀನೇ ನೆನಪಾಗ್ತಿದ್ದೆ. ಇಷ್ಟೇ. ಇನ್ನೇನೂ ಹೇಳೋಕೆ ಬರಲ್ಲ ನನಗೆ."

ಕ್ರಿಸ್ಟಾಳ ಕಣ್ಣಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಏನು ಮಾಡಬೇಕೋ ತಿಳಿಯದೆ ಅವನು ಸುಮ್ಮನೆ ಕೇಳಿದ. "ಒಂಬತ್ತು ಓಟು... ನಿನ್ನ ಓಟು ಯಾರಿಗೆ ಬಿತ್ತು?"

"ಬುಚ್‌ಗೆ."

ಅವನು ಬೆಪ್ಪಾಗಿ ನೋಡಿದ.

"ನೀನು ಗೆದ್ದಿದ್ರೆ ಗೋಡೆ ಮೇಲೆ ಇರ್ತಿದ್ದೆ. ನಿನ್ನನ್ನ ಗೋಡೆಗೆ ಕೊಡೋಕೆ ನನಗೆ ಮನಸ್ಸು ಬರಲಿಲ್ಲ."

ವಿನ್ಸ್ ನಕ್ಕುಬಿಟ್ಟ. ನಗುತ್ತಲೇ ಅಳು ಬಂತು. ಅವಳು ಅವನ ತೋಳಿಗೆ ತಲೆಯಿಟ್ಟಳು.

"ಮತ್ತೆ ಯಾರಿಗೆ ಕೊಡ್ತೀಯ ನನ್ನನ್ನ?"

"ಯಾರಿಗೂ ಇಲ್ಲ. ಮನೆಗೆ ನಡಿ."