ಎಂಟು ಹೋಗಿ ಹನ್ನೊಂದು ಬಂತು

"ಬಟ್ಟೆ ಸಾಲ್ತಿಲ್ಲ ಕಣೇ!"

ಅಮ್ಮ ಕತ್ತರಿ ಕೆಳಗಿಟ್ಟು ಟೇಪನ್ನು ಮತ್ತೊಮ್ಮೆ ಎಳೆದಳು. ಸ್ಕೂಲ್ ಬ್ಯಾಂಡಿನ ಮಕ್ಕಳಿಗೆ ನೀಲಿ ಕೋಟು ಹೊಲಿಯುವ ಕೆಲಸ ಅವಳದು. ಎಷ್ಟು ಮೀಟರ್ ಬಟ್ಟೆ ಬೇಕು ಎಂಬ ಲೆಕ್ಕ ಮಗಳದು. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಸಿಡಿಸುತ್ತಾಳೆಂದು ಎಲ್ಲರೂ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು.

"ಸಾಲ್ಲೇಬೇಕು. ನನ್ನ ಲೆಕ್ಕ ತಪ್ಪಾಗೋದೇ ಇಲ್ಲ!"

"ಹಾಗಾದ್ರೆ ಬಟ್ಟೆನೇ ಸುಳ್ಳು ಹೇಳ್ತಿದೆ ಅನ್ನು."

ಪಟಾಕಿ ಮುಖ ಊದಿಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ದೊಡ್ಡ ಸೈಜ್: ಮಕ್ಕಳು 11. ಒಂದು ಕೋಟಿಗೆ 2 ಮೀಟರ್. ಒಟ್ಟು 16.

ಹದಿನಾರಾ?

ಮೊದಲು ಎಂಟೇ ಮಕ್ಕಳಿದ್ದರು. ಆಮೇಲೆ ಬ್ಯಾಂಡ್ ಮಾಸ್ಟರ್ ಫೋನ್ ಮಾಡಿ ಹನ್ನೊಂದು ಅಂದಿದ್ದರು. ಅವಳು ಎಂಟನ್ನು ಅಳಿಸಿ ಹನ್ನೊಂದು ಹಾಕಿ, ಶೀಟನ್ನು ಅಮ್ಮನ ಫೋನಿಗೆ ಕಳಿಸಿ ಆಡಲು ಓಡಿದ್ದಳು. ಅಮ್ಮ ಅದರಲ್ಲಿದ್ದ ಒಟ್ಟು ನೋಡಿಯೇ ಬಟ್ಟೆ ತಂದಿದ್ದಳು. ಕಂಪ್ಯೂಟರ್ ಟೀಚರ್ ತೋರಿಸಿದ ಶೀಟಿನಲ್ಲಿ ಒಟ್ಟು ತಾನಾಗಿಯೇ ಬದಲಾಗುತ್ತಿತ್ತಲ್ಲ!

ಆದರೆ ಟೀಚರ್ ಅಲ್ಲಿ ಉತ್ತರದ ಬದಲು ಫಾರ್ಮುಲಾ ಹಾಕಿದ್ದರು. "ಮೊದಲು ಈಕ್ವಲ್ ಒತ್ತಿ" ಎಂದಾಗ ಪಟಾಕಿ ನಕ್ಕಿದ್ದಳು. "ಅಷ್ಟೆಲ್ಲ ಒತ್ತೋಷ್ಟರಲ್ಲಿ ನಾನು ಉತ್ತರಾನೇ ಹೇಳ್ತೀನಿ ಮಿಸ್!" ಮನೆಗೆ ಬಂದು ಬಾಯಿಲೆಕ್ಕ ಮಾಡಿ, ಹದಿನಾರು ಎಂದು ಟೈಪ್ ಮಾಡಿದ್ದೂ ಅವಳೇ.

"ಅಮ್ಮಾ... ಆರು ಮೀಟರ್ ಕಮ್ಮಿ."

ಮೂರು ಕೋಟು! ಅಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಅಂಗಡಿ ಮುಚ್ಚೋ ಮುಂಚೆ ಓಡು. ನಾನು ಫೋನ್ ಮಾಡಿರ್ತೀನಿ. ಅದೇ ನೀಲಿ ಸಿಗದಿದ್ರೆ ಮೂರು ಮಕ್ಕಳಿಗೆ ಕೋಟಿಲ್ಲ."

ಪಟಾಕಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅಂಗಡಿಯವನು ಬಟ್ಟೆಯ ಸುರುಳಿ ಬಿಚ್ಚುತ್ತಾ ಹೋದ. ಒಳಗಿನ ರಟ್ಟಿನ ಕೊಳವೆ ಕಂಡೇಬಿಟ್ಟಿತು.

"ಐದೇ ಮೀಟರ್ ಮಗು. ಇಷ್ಟೇ ಉಳಿದಿರೋದು."

ಅಮ್ಮ ಆ ಐದು ಮೀಟರನ್ನು ಹೀಗೆ ಹಾಸಿದಳು, ಹಾಗೆ ತಿರುಗಿಸಿದಳು. ಕೊನೆಗೆ, "ಒಂದು ಕೋಟಿನ ಬೆನ್ನಿಗೆ ತುಂಡು ಜೋಡಿಸ್ತೀನಿ, ಬೇರೆ ದಾರಿಯಿಲ್ಲ" ಎಂದು ಮಷೀನಿನ ಮುಂದೆ ಕೂತಳು.

ಪಕ್ಕದಲ್ಲೇ ಕೂತು ಪಟಾಕಿ ಹದಿನಾರನ್ನು ಅಳಿಸಿದಳು. ಈಕ್ವಲ್ ಒತ್ತಿದಳು. ಹನ್ನೊಂದು ಇದ್ದ ಚೌಕ ಕ್ಲಿಕ್ ಮಾಡಿ, ಗುಣಿಸಲು ನಕ್ಷತ್ರದ ಗುರುತು ಹಾಕಿ, ಎರಡು ಇದ್ದ ಚೌಕ ಕ್ಲಿಕ್ ಮಾಡಿ ಎಂಟರ್ ಒತ್ತಿದಳು. 22. ಹನ್ನೊಂದನ್ನು ಹನ್ನೆರಡು ಮಾಡಿ ನೋಡಿದಳು. ಒಟ್ಟು ತಾನಾಗಿಯೇ 24 ಆಯಿತು. ಮತ್ತೆ ಹನ್ನೊಂದು ಮಾಡಿದಳು. 22.

ಅವಳ ಹದಿನಾರು ತಪ್ಪೇನಾಗಿರಲಿಲ್ಲ. ಎಂಟು ಮಕ್ಕಳಿಗೆ ಅದು ಸರಿಯಾಗಿಯೇ ಇತ್ತು. ಹನ್ನೊಂದಾಗಿದ್ದು ಮಾತ್ರ ಅದಕ್ಕೆ ಗೊತ್ತೇ ಆಗಿರಲಿಲ್ಲ.

ಬ್ಯಾಂಡ್ ಹೊರಟ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಪಟಾಕಿಯ ಕಣ್ಣು ಡ್ರಮ್ ಬಾರಿಸುವ ಹುಡುಗಿಯ ಬೆನ್ನ ಮೇಲೇ ಇತ್ತು. ಆ ಜೋಡಣೆ ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು. "ಹೊಸ ಆರ್ಡರ್ ಬಂದಿದೆ ಕಣೇ. ಒಂಬತ್ತು ಏಪ್ರನ್, ಒಂದಕ್ಕೆ ಒಂದೂವರೆ ಮೀಟರ್. ಎಷ್ಟಾಗತ್ತೆ?"

ಹದಿಮೂರೂವರೆ! ಉತ್ತರ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಪಟಾಕಿ ತುಟಿ ಬಿಗಿಹಿಡಿದು ಲ್ಯಾಪ್‌ಟಾಪ್ ಎಳೆದುಕೊಂಡಳು.

"ಒಂಬತ್ತೇ ಅಂತ ಗ್ಯಾರಂಟಿನಾ ಅಮ್ಮಾ?"