ತೊಂಬತ್ತಾರಕ್ಕೆ ಕುದಿದ ನೀರು

ನಫೀಸಾಳ ಕೈಗಳಲ್ಲಿ ‘ಕೈಗನ್ನಡಿ’ ಇತ್ತು. ಇಲ್ಲದ ಬೀಕರಿನ ಭಾರವನ್ನೂ ಇಲ್ಲದ ಉರಿಯ ಬಿಸಿಯನ್ನೂ ಬೆರಳಿಗೆ ಮುಟ್ಟಿಸುವ ಕೈಗವಸು ಅದು. 2061ರ ಹೊತ್ತಿಗೆ ಶಾಲೆಗಳ ಪ್ರಯೋಗಾಲಯವೆಲ್ಲ ಆ ಒಂದು ಜೊತೆ ಗವಸಿನೊಳಗೆ ಮಡಚಿ ಕೂತಿತ್ತು.

ಗವಸಿನ ನೀರು ನೂರು ಡಿಗ್ರಿಗೆ ಕುದಿಯಿತು. ಒಂಬತ್ತನೇ ತರಗತಿಯ ನಫೀಸಾ ತೊಂಬತ್ತಾರು ಎಂದೇ ಬರೆದಳು. ಮೂರನೆಯ ಸಲವೂ ಗವಸು ಕೊಟ್ಟದ್ದು ಸೊನ್ನೆ. ಇನ್ನೊಂದು ಸೊನ್ನೆ ಬಿದ್ದರೆ ಮುಂದೆ ಅವಳು ವಿಜ್ಞಾನ ಓದುವಂತಿಲ್ಲ.

ಹಿಂದಿನ ವಾರ ವಿಜ್ಞಾನದ ಮೇಷ್ಟ್ರು ಬೋಪಯ್ಯ ಹಳೆಯ ಲ್ಯಾಬಿನ ಬೀಗ ತೆಗೆದು, ನಿಜವಾದ ಒಲೆಯ ಮೇಲೆ ನಿಜವಾದ ನೀರಿಟ್ಟು ತೋರಿಸಿದ್ದರು. ಮಡಿಕೇರಿ ಎತ್ತರದ ಊರು. ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಅವಳು ಕಣ್ಣಾರೆ ಕಂಡದ್ದು ತೊಂಬತ್ತಾರು.

ಗವಸು ಕಂಡುಹಿಡಿದ ಡಾ. ಶರ್ವಾಣಿ ಶಾಲೆಗೆ ಬಂದಾಗ ಬೋಪಯ್ಯ ಗವಸು ಮಾತಾಡುವ ದನಿಯನ್ನು ಅಣಕಿಸುತ್ತಲೇ ಸ್ವಾಗತಿಸಿದರು. “ಪ್ರಿಯ ವಿದ್ಯಾರ್ಥಿ, ನಿಮ್ಮ ಊರಿನ ನೀರು ತಪ್ಪು ಮಾಡಿದೆ. ದಯವಿಟ್ಟು ಬೇರೆ ಊರಿನಲ್ಲಿ ಪ್ರಯತ್ನಿಸಿ.”

ಮಕ್ಕಳು ನಕ್ಕರು. ಮೇಷ್ಟ್ರು ನಗಲಿಲ್ಲ.

“ಸುಳ್ಳು ಕಲಿಸೋ ಯಂತ್ರ ಮೇಡಂ ಇದು. ಕೈಗನ್ನಡಿಗೆ ಮೊದಲು ಒಂದು ಕನ್ನಡಕ ಹಾಕ್ಸಿ. ನಿಜ ಹೇಳಿದ ಹುಡುಗಿಗೆ ಸೊನ್ನೆ ಕೊಡೋಕೆ ಇದಕ್ಕೇನು ಅಧಿಕಾರ?”

“ಮಡಿಕೇರಿಗೆ ಮಡಿಕೇರಿ ಲೆಕ್ಕಾನೇ ಕಲಿಸಿದ್ದೀವಿ ಸರ್,” ಎಂದರು ಶರ್ವಾಣಿ. “ಇಲ್ಲಿನ ಮಕ್ಕಳು ಬರೆದ ಹನ್ನೊಂದು ಸಾವಿರ ಹಳೇ ರೆಕಾರ್ಡ್ ಪುಸ್ತಕ ಓದಿಸಿದ್ದೀವಿ. ಎಲ್ಲದರಲ್ಲೂ ನೂರೇ. ಒಂದರಲ್ಲಾದರೂ ತೊಂಬತ್ತಾರು ಇದ್ದಿದ್ರೆ ಗವಸು ಸೊನ್ನೆ ಕೊಡ್ತಿರಲಿಲ್ಲ.”

“ಹನ್ನೊಂದು ಸಾವಿರ ಕಳ್ಳರಾ? ತೋರಿಸಿ ಒಬ್ಬನನ್ನ.”

ಶರ್ವಾಣಿ ಗೋಡೆಯ ಮೇಲೆ ಒಂದು ಪುಟ ತೆರೆದರು. ನೀರಿನ ಕುದಿಬಿಂದು: 100. ಪಕ್ಕದಲ್ಲಿ ಕೆಂಪು ಶಾಯಿಯ ‘ಗುಡ್’. ಮೇಲೆ ಹೆಸರು: ಸಿ. ಎಂ. ಬೋಪಯ್ಯ, ಒಂಬತ್ತನೇ ‘ಎ’, 2026.

ಮೇಷ್ಟ್ರ ಮುಖದ ಸಿಟ್ಟಿಗೆ ಹೋಗಲು ಜಾಗವೇ ಸಿಗಲಿಲ್ಲ. ಆ ದಿನ ತಮ್ಮ ಮೇಷ್ಟ್ರು ಆಡಿದ ಮಾತು ಕಿವಿಗೆ ಬಂತು: “ಥರ್ಮಾಮೀಟರ್ ಹಳೇದು ಕಣ್ರೋ, ಪುಸ್ತಕದಲ್ಲಿ ನೂರಿದೆ, ನೂರು ಅಂತ ಬರ್ಕೊಳ್ಳಿ.”

ನಫೀಸಾ ಗೋಡೆಯ ಹತ್ತಿರ ಹೋಗಿ ನೋಡಿದಳು. “ಸರ್, ನೂರರ ಅಡಿಯಲ್ಲಿ ಏನೋ ಉಜ್ಜಿದ ಹಾಗೆ ಉಂಟು.”

ಶರ್ವಾಣಿ ಪುಟವನ್ನು ಹಿಗ್ಗಿಸಿದರು. ರಬ್ಬರಿನ ಮಸಿಯ ಕೆಳಗೆ, ಪೆನ್ಸಿಲ್ ಒತ್ತಿದ ಗುರುತಿನಲ್ಲಿ 96 ಇತ್ತು. ಗವಸು ಅದನ್ನು ಓದಿತು. ನಫೀಸಾಳ ಸೊನ್ನೆ ಹೋಗಿ ಹತ್ತು ಬಂತು.

ಅವಳು ಅಂಕದ ಕಡೆ ನೋಡಲಿಲ್ಲ.

“ಕಂಡಿದ್ರಿ ಅಲ್ವಾ ಸರ್? ಮತ್ತೆ ಅಳಿಸಿದ್ದು ಯಾಕೆ?”